ಸೂರಿನ ಮೇಲೆ ಬಾಗಿದ ಮರ

ಮರ ಕೆಡವುವುದು ಒಂದು ಕೆಲಸ, ಮರ ಇಳಿಸುವುದು ಇನ್ನೊಂದು. ಬಯಲಲ್ಲಿ ನಿಂತ ಮರದ ಬುಡಕ್ಕೆ ಕಚ್ಚು ಹಾಕಿ ಒಂದೇ ಸಲಕ್ಕೆ ಕೆಡವಬಹುದು. ಸೂರಿನಿಂದ ಆರೇಳು ಅಡಿ ದೂರದಲ್ಲಿ, ಒಂದು ಮಗ್ಗುಲಲ್ಲಿ ಬಾವಿಕಟ್ಟೆ, ಇನ್ನೊಂದು ಮಗ್ಗುಲಲ್ಲಿ ಕರೆಂಟಿನ ತಂತಿ ಇರುವ ಹಲಸಿನ ಮರಕ್ಕೆ ಬೀಳಲು ಜಾಗವೇ ಇರುವುದಿಲ್ಲ. ಅದನ್ನು ತುದಿಯಿಂದ ಬುಡದತ್ತ ತುಂಡು ತುಂಡಾಗಿ ಇಳಿಸಬೇಕಾಗುತ್ತದೆ. ಮಲೆನಾಡಿನ ಒಂಟಿಮನೆಯಿಂದ ಬೆಂಗಳೂರಿನ ಮೂವತ್ತು ನಲವತ್ತರ ಸೈಟಿನವರೆಗೆ ನಡೆದುಬಂದಿರುವ ರೂಢಿಯ ದೊಡ್ಡ ದೋಷ ಇಲ್ಲೇ ಇದೆ. ಇಳಿಸಬೇಕಾದ ಮರವನ್ನು ಕೆಡವಲು ಹೊರಡುತ್ತಾರೆ.

ಅದಕ್ಕೂ ಮೊದಲಿನ ಪ್ರಶ್ನೆ, ಮರ ಹೋಗಲೇಬೇಕೆ ಎಂಬುದು. ಇದನ್ನು ಸಾಮಾನ್ಯವಾಗಿ ಭಯ ತೀರ್ಮಾನಿಸುತ್ತದೆ. ಏಪ್ರಿಲ್, ಮೇ ತಿಂಗಳ ಗಾಳಿಮಳೆಗೆ ಎಲ್ಲೋ ಒಂದು ಮರ ಉರುಳಿದ ಸುದ್ದಿ ಬಂದ ಮರುದಿನ ಓಣಿಯ ಮರಗಳೆಲ್ಲ ಅಪಾಯಕಾರಿಯಾಗಿ ಕಾಣತೊಡಗುತ್ತವೆ. ಎತ್ತರ ನೋಡಿ ಹೆದರುವುದರಲ್ಲಿ ಅರ್ಥವಿಲ್ಲ. ಎಳವೆಯಿಂದಲೂ ವಾಲಿ, ಮೇಲೆ ಹೋಗುತ್ತ ಮತ್ತೆ ನೆಟ್ಟಗಾದ ಕಾಂಡ ತನ್ನ ಭಾರಕ್ಕೆ ತಕ್ಕಂತೆ ಬೇರು ಬಲಿಸಿಕೊಂಡಿರುತ್ತದೆ. ಹೊಸದಾಗಿ ವಾಲಿದ ಮರದ ಲಕ್ಷಣ ಬೇರೆ. ವಾಲಿದ್ದಕ್ಕೆ ಎದುರು ಮಗ್ಗುಲಲ್ಲಿ ನೆಲ ಉಬ್ಬಿ ಬಿರುಕು ಬಿಟ್ಟಿರುತ್ತದೆ. ಬುಡದಲ್ಲಿ ಗಟ್ಟಿ ಅಣಬೆ ಹಲಗೆ ಹಲಗೆಯಾಗಿ ಮೂಡಿದ್ದರೆ ಒಳಗೆ ಕೊಳೆ ಸೇರಿದೆ ಎಂದೇ ತಿಳಿಯಬೇಕು. ಕೊಡತಿಯಿಂದ ಬಡಿದಾಗ ಡಬಡಬ ಸದ್ದು ಬಂದರೆ ಕಾಂಡ ಪೊಳ್ಳು. ಆದರೆ ಪೊಳ್ಳಾದ ಮರವೆಲ್ಲ ಬೀಳುವ ಮರವಲ್ಲ. ಸುತ್ತಲಿನ ಗಟ್ಟಿ ಭಾಗ ತ್ರಿಜ್ಯದ ಮೂರನೇ ಒಂದು ಪಾಲಿನಷ್ಟಾದರೂ ದಪ್ಪವಿದ್ದರೆ ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. ನಗರದ ಮರಗಳಿಗೆ ಬರುವ ಆಪತ್ತು ಹೆಚ್ಚಾಗಿ ಕಣ್ಣಿಗೆ ಬೀಳುವುದಿಲ್ಲ. ಬೇರುಗಳ ಬಹುಪಾಲು ಮೇಲಿನ ಎರಡಡಿ ಮಣ್ಣಿನಲ್ಲೇ ಹರಡಿರುತ್ತದೆ. ಚರಂಡಿಗೋ ಕೇಬಲ್ಲಿಗೋ ಅಷ್ಟೇ ಆಳ ಅಗೆದಾಗ ಒಂದು ಮಗ್ಗುಲಿನ ಬೇರೆಲ್ಲ ತುಂಡಾಗುತ್ತದೆ. ಮೇಲಿನ ಹಸಿರು ಮಾತ್ರ ಹಾಗೇ ಇರುತ್ತದೆ. ಮರದ ಪಕ್ಕ ಯಾವಾಗ, ಎಷ್ಟು ಹತ್ತಿರ ಅಗೆದಿದ್ದರು ಎಂಬ ನೆನಪು ಮನೆಯವರಿಗಿದ್ದರೆ ಅದಕ್ಕಿಂತ ಬೆಲೆಯುಳ್ಳ ಮಾಹಿತಿ ಇಲ್ಲ.

ಸೂರಿನ ಮೇಲೆ ಚಾಚಿದ ಒಂದೆರಡು ಕೊಂಬೆ ತೆಗೆದರೆ ಸಾಕಾಗುವ ಕಡೆ ಬುಡಕ್ಕೆ ಕೈ ಹಾಕಬಾರದು. ಹಾಗೆಂದು ತಲೆ ಹಾರಿಸುವುದು ಮಧ್ಯದ ದಾರಿಯಾಗುವುದಿಲ್ಲ. ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ವಿಜ್ಞಾನಿ ಅಲೆಕ್ಸ್ ಶೈಗೊ 1970ರ ದಶಕದಲ್ಲಿ ವಿವರಿಸಿದಂತೆ, ಮರದ ಗಾಯ ಮನುಷ್ಯನ ಗಾಯದಂತೆ ಮಾಯುವುದಿಲ್ಲ. ಮರ ಗಾಯದ ಸುತ್ತ ಗೋಡೆ ಕಟ್ಟಿ ಕೊಳೆಯನ್ನು ಅಲ್ಲೇ ಕೂಡಿಹಾಕಲು ನೋಡುತ್ತದೆ. ಕೊಂಬೆ ಕಾಂಡಕ್ಕೆ ಸೇರುವಲ್ಲಿರುವ ಉಬ್ಬನ್ನು ಉಳಿಸಿ, ಅದರ ಹೊರಅಂಚಿಗೆ ಕೊಯ್ದರೆ ಈ ಗೋಡೆ ಗಟ್ಟಿಯಾಗುತ್ತದೆ. ಕಾಂಡವನ್ನೇ ಅಡ್ಡಕ್ಕೆ ಕತ್ತರಿಸಿದರೆ ಅಷ್ಟು ಅಗಲದ ಗಾಯಕ್ಕೆ ಗೋಡೆ ಕಟ್ಟುವುದು ಮರದ ಕೈಲಾಗದು. ಕೊಯ್ದ ಅಂಚಿನಲ್ಲಿ ಪೊದೆಯಂತೆ ಚಿಗುರೊಡೆಯುತ್ತದೆ, ಅವು ಹೊರಪದರಕ್ಕೆ ಅಂಟಿಕೊಂಡು ನಿಂತಿರುತ್ತವೆ, ಕೆಳಗೆ ಕೊಳೆ ಇಳಿಯುತ್ತಿರುತ್ತದೆ. ಕೆಲವು ವರ್ಷದ ಬಳಿಕ ಅದೇ ಚಿಗುರುಗಳು ಕೊಂಬೆಯಷ್ಟು ದಪ್ಪವಾಗಿ ಗಾಳಿಗೆ ಕಿತ್ತು ಬರುತ್ತವೆ. ತಲೆ ಹಾರಿಸಿದ ಗುಲ್‌ಮೊಹರ್ ಮೊದಲಿಗಿಂತ ಹೆಚ್ಚು ಅಪಾಯದ ಮರ.

ತೆಗೆಯಲೇಬೇಕು ಎಂದಾದರೆ ಅನುಮತಿ ಬೇಕು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಸ್ವಂತ ಹಿತ್ತಿಲಿನ ಮರವನ್ನೂ ವೃಕ್ಷ ಅಧಿಕಾರಿಯ ಒಪ್ಪಿಗೆಯಿಲ್ಲದೆ ಕಡಿಯುವಂತಿಲ್ಲ. ತೆಂಗು, ನೀಲಗಿರಿ, ಗಾಳಿಮರ, ಸಿಲ್ವರ್ ಓಕ್‌ನಂಥ ಕೆಲವಕ್ಕೆ ವಿನಾಯಿತಿ ಉಂಟು. ಈ ಕಾಯ್ದೆಯನ್ನು ಬರೀ ತೊಡಕೆಂದು ದೂರುವುದು ನ್ಯಾಯವಲ್ಲ. ಸತ್ತ, ರೋಗ ತಗಲಿದ, ಜೀವಕ್ಕೋ ಆಸ್ತಿಗೋ ಅಪಾಯವಾಗಿರುವ ಮರಕ್ಕೆ ಅನುಮತಿ ನಿರಾಕರಿಸಬಾರದೆಂದು ಅದೇ ಕಾಯ್ದೆ ಹೇಳುತ್ತದೆ. ನೆಲ ಬಿರಿದದ್ದು, ಅಣಬೆ ಎದ್ದದ್ದು, ಗೋಡೆಯ ಅಂತರ ಇಷ್ಟನ್ನು ಫೋಟೊ ಸಮೇತ ಅರ್ಜಿಗೆ ಲಗತ್ತಿಸಿದರೆ ಸ್ಥಳ ಪರಿಶೀಲನೆಗೆ ಬರುವವರ ಕೆಲಸವೂ ಹಗುರ. ಬೀಳುವಂತಿರುವ ಮರ ನೆರೆಯವರದ್ದಾಗಿದ್ದು ಅವರು ಒಪ್ಪದಿದ್ದರೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನಡಿ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರ ಮುಂದೆ ಹೋಗಲು ದಾರಿಯಿದೆ.

ಆಮೇಲಿನದು ವ್ಯಾಪಾರದ ಮಾತು. ಕೆಲಸ ಎಷ್ಟು ಜೋಪಾನವಾಗಿ ನಡೆಯುತ್ತದೆ ಎಂಬುದು ಬಹುಪಾಲು ಈ ಮಾತಿನಲ್ಲೇ ಇತ್ಯರ್ಥವಾಗಿಬಿಡುತ್ತದೆ. ಕೂಲಿಗೆ ಬದಲು ಮರವನ್ನೇ ಬಿಟ್ಟುಕೊಡುವ ಒಪ್ಪಂದ ಎಲ್ಲ ಕಡೆ ಬಳಕೆಯಲ್ಲಿದೆ. ಮನೆಯವರ ಕೈಯಿಂದ ದುಡ್ಡು ಬಿಚ್ಚುವುದಿಲ್ಲ, ಕಡಿಯುವವರಿಗೆ ನಾಟಾ ಸಿಗುತ್ತದೆ. ಮೇಲ್ನೋಟಕ್ಕೆ ಇಬ್ಬರಿಗೂ ಅನುಕೂಲ. ಆದರೆ ಹಲಸಿನ ನಾಟಾಕ್ಕೆ ಬೆಲೆ ಬರುವುದು ಉದ್ದನೆಯ ದಿಮ್ಮಿ ಸಿಕ್ಕಾಗ. ಮೂರು ಮೂರು ಅಡಿಯ ತುಂಡು ಮಾಡಿದರೆ ಸೌದೆಯ ಬೆಲೆಯಷ್ಟೇ. ಹಾಗಾಗಿ ಕಾಂಡವನ್ನು ಇಡಿಯಾಗಿ ಉರುಳಿಸುವ ಆಸೆ ಒಪ್ಪಂದದೊಳಗೇ ಹುದುಗಿರುತ್ತದೆ. ಹಂಚು ಒಡೆದರೆ ನಷ್ಟ ಮನೆಯವರದು, ಆಳು ಬಿದ್ದರೆ ಆಸ್ಪತ್ರೆಯ ಖರ್ಚು ಯಾರದು ಎಂಬ ಮಾತೇ ಆಗಿರುವುದಿಲ್ಲ. ಕೂಲಿಯ ಲೆಕ್ಕ ಬೇರೆ, ನಾಟಾದ ಲೆಕ್ಕ ಬೇರೆ ಮಾಡಿ, ಹತ್ತುವವರಿಗೆ ವಿಮೆ ಇದೆಯೇ ಎಂದು ಮೊದಲೇ ಕೇಳಿಕೊಳ್ಳುವುದು ಹಗ್ಗ, ಬೆಲ್ಟುಗಳಷ್ಟೇ ಮುಖ್ಯವಾದ ಸುರಕ್ಷಾ ಕ್ರಮ.

ಇಳಿಸುವ ಕೆಲಸದಲ್ಲಿ ಎಲ್ಲವೂ ಭಾರದ ಲೆಕ್ಕ. ಒಂದಡಿ ದಪ್ಪ, ಹತ್ತಡಿ ಉದ್ದದ ಹಸಿ ಕೊಂಬೆ ಸುಮಾರು ಇನ್ನೂರು ಕಿಲೋ ತೂಗುತ್ತದೆ. ನಾಲ್ಕಡಿ ಸುಮ್ಮನೆ ಬಿದ್ದು ಹಗ್ಗದಲ್ಲಿ ಜಗ್ಗಿ ನಿಂತರೆ ಹಗ್ಗಕ್ಕೆ ತಗಲುವ ಸೆಳೆತ ಆ ತೂಕದ ಹಲವು ಪಟ್ಟು. ಆದುದರಿಂದ ಕೊಂಬೆಗೆ ಕಟ್ಟಿದ ಹಗ್ಗವನ್ನು ಅದಕ್ಕಿಂತ ಎತ್ತರದ ಗಟ್ಟಿ ಕವಲಿನ ಮೇಲೆ ಹಾಯಿಸಿ, ಕೆಳಗೆ ಇನ್ನೊಂದು ಮರದ ಬುಡಕ್ಕೆ ಎರಡು ಮೂರು ಸುತ್ತು ಸುತ್ತಬೇಕು. ತೊಗಟೆಯ ಮೇಲೆ ಹಗ್ಗ ಉಜ್ಜುವ ಬಿಗಿಯೇ ಭಾರದ ಬಹುಪಾಲನ್ನು ಹೊರುತ್ತದೆ. ಹಗ್ಗದ ತುದಿ ಹಿಡಿದ ಒಬ್ಬನೇ ಆಳು ಕೊಂಬೆಯನ್ನು ಗೇಣು ಗೇಣಾಗಿ ಇಳಿಸಬಲ್ಲ, ಬೇಕೆಂದಲ್ಲಿ ನಿಲ್ಲಿಸಬಲ್ಲ. ಸುತ್ತಿಲ್ಲದೆ ಬರಿಗೈಯಲ್ಲಿ ನಾಲ್ವರು ಹಿಡಿದುಕೊಳ್ಳುವುದು, ಅದರಲ್ಲೂ ಜಾರದಿರಲೆಂದು ಹಗ್ಗವನ್ನು ಅಂಗೈಗೆ ಸುತ್ತಿಕೊಳ್ಳುವುದು, ಬೆರಳು ಕಳೆದುಕೊಳ್ಳುವ ದಾರಿ.

ಕೊಯ್ತಕ್ಕೂ ಕ್ರಮವಿದೆ. ಮೊದಲು ಕೊಂಬೆಯ ಅಡಿಯಿಂದ ಕಾಲುಭಾಗ ಕೊಯ್ದು, ಆಮೇಲೆ ಸ್ವಲ್ಪ ಆಚೆಯಿಂದ ಮೇಲ್ಗಡೆ ಕೊಯ್ಯಬೇಕು. ಅಡಿಯ ಕೊಯ್ತ ಇಲ್ಲದಿದ್ದರೆ ಕೊಂಬೆ ಮುರಿಯುವಾಗ ತೊಗಟೆ ಕಾಂಡದುದ್ದಕ್ಕೂ ಸುಲಿದುಕೊಂಡು ಬಂದು, ಕಾಂಡಕ್ಕೆ ಕಟ್ಟಿಕೊಂಡ ಮನುಷ್ಯನ ಎದೆಗೇ ಬಡಿಯುತ್ತದೆ. ಹತ್ತಿದವನು ಕೊಯ್ಯುವ ಕೊಂಬೆಗೆ ಕಟ್ಟಿಕೊಳ್ಳದೆ ಕಾಂಡಕ್ಕೆ ಎರಡು ಕಡೆ ಕಟ್ಟಿಕೊಂಡಿರಬೇಕು. ಒಂದು ಹಗ್ಗಕ್ಕೆ ಗರಗಸ ತಗಲಿದರೂ ಇನ್ನೊಂದು ಉಳಿಯುತ್ತದೆ. ಮಲೆನಾಡಿನಲ್ಲಿ ಈ ಕೆಲಸಕ್ಕೆ ಕೊನೆಗೌಡರನ್ನು ಕರೆಯುವುದುಂಟು. ಕಾಲಿಗೆ ತಳೆ ಹಾಕಿ ಅಡಿಕೆ ಮರದಿಂದ ಮರಕ್ಕೆ ತೂಗಿ ದಾಟುವ ಅವರ ಚಾಕಚಕ್ಯತೆ ಬೆರಗು ಹುಟ್ಟಿಸುವಂಥದ್ದು. ಆದರೆ ಅಡಿಕೆಗೆ ಕೊಂಬೆಯಿಲ್ಲ, ಕೊಂಬೆಗಳ ಭಾರ ಎತ್ತ ಎಳೆಯುತ್ತದೆ ಎಂಬ ಲೆಕ್ಕ ಆ ಕಸುಬಿನಲ್ಲಿ ಬರುವುದಿಲ್ಲ. ಆ ಧೈರ್ಯವನ್ನೇ ನೆಚ್ಚಿ ಬೆಲ್ಟು, ಹೆಲ್ಮೆಟ್ಟು ಕೊಡದೆ ಹಲಸು ಹತ್ತಿಸುವುದು ಅವರಿಗೆ ಬಗೆಯುವ ಅನ್ಯಾಯ. ಜೇನು, ಕಣಜದ ಗೂಡು ನೋಡುವವರೂ ಚಗಳಿ ಇರುವೆಯ ಎಲೆಗೂಡನ್ನು ಲೆಕ್ಕಕ್ಕಿಡುವುದಿಲ್ಲ. ಮೈಮೇಲೆ ಚಗಳಿ ಹರಿದಾಗ ಮೊದಲು ಬಿಟ್ಟುಹೋಗುವುದು ಗರಗಸ ಹಿಡಿದ ಕೈ.

ತಂತಿ ಹತ್ತಿರವಿದ್ದರೆ ವಿದ್ಯುತ್ ಕಂಪನಿಯ ಲೈನ್‌ಮನ್ ಬಂದು ಲೈನ್ ಕಡಿತ ಮಾಡುವವರೆಗೆ ಯಾರೂ ಹತ್ತಬಾರದು. ಮುಟ್ಟುವುದಿಲ್ಲವಲ್ಲ ಎಂಬ ವಾದಕ್ಕೆ ಇಲ್ಲಿ ಬೆಲೆಯಿಲ್ಲ, ಹಸಿ ಕೊಂಬೆ ಕರೆಂಟು ಹರಿಸುತ್ತದೆ.

ಕೊಂಬೆಗಳೆಲ್ಲ ಇಳಿದು, ಬೋಳು ಕಾಂಡವನ್ನೂ ಮೇಲಿನಿಂದ ತುಂಡರಿಸುತ್ತ ಬಂದ ಮೇಲೆ, ಸಿಗುವ ಜಾಗದಲ್ಲಿ ಮಲಗಿಸಬಹುದಾದಷ್ಟು ಗಿಡ್ಡ ಉಳಿದಾಗ ಬುಡದ ಕೊಯ್ತ. ಎರಡಡಿ ದಪ್ಪದ ಕಾಂಡಕ್ಕೆ ಬೀಳಬೇಕಾದ ದಿಕ್ಕಿನಲ್ಲಿ ಸುಮಾರು ಐದಿಂಚು ಆಳದ ಬಾಯಿ ತೆಗೆದು, ಹಿಂದಿನಿಂದ ಕೊಯ್ಯುತ್ತ ಬಂದು, ನಡುವೆ ಎರಡೂವರೆ ಇಂಚಿನಷ್ಟು ಕಟ್ಟಿಗೆ ಉಳಿಸಬೇಕು. ಬಾಗಿಲಿಗೆ ಕೀಲು ಇದ್ದಂತೆ ಈ ಉಳಿದ ಪಟ್ಟಿ. ದಿಕ್ಕು ತಪ್ಪದಂತೆ ಕಾಂಡವನ್ನು ಮಲಗಿಸುವುದು ಅದೇ. ಹಗ್ಗವನ್ನು ಜೀಪಿಗೋ ಟ್ರ್ಯಾಕ್ಟರಿಗೋ ಕಟ್ಟಿ ಒಮ್ಮೆಲೇ ಜಗ್ಗಿದರೆ ಕೀಲು ಹರಿದು, ಕಾಂಡ ತನಗೆ ತೋಚಿದತ್ತ ತಿರುಗುತ್ತದೆ. ಎಳೆಯುವವರು ಮರದ ಎತ್ತರಕ್ಕಿಂತ ಗಿಡ್ಡ ಹಗ್ಗ ಹಿಡಿದು ಅದು ಬೀಳುವ ಜಾಗದಲ್ಲೇ ನಿಲ್ಲುವುದು ಇನ್ನೂ ಸಾಮಾನ್ಯ ತಪ್ಪು.

ಅನುಮತಿಯ ಕಾಟವೂ ಬೇಡ, ಹತ್ತುವ ಖರ್ಚೂ ಬೇಡ ಎಂದು ಮರವನ್ನು ನಿಂತಲ್ಲೇ ಕೊಲ್ಲುವವರಿದ್ದಾರೆ. ಬುಡದ ಸುತ್ತ ತೊಗಟೆ ಸುಲಿಯುತ್ತಾರೆ, ತೂತು ಕೊರೆದು ಆ್ಯಸಿಡ್ ಸುರಿಯುತ್ತಾರೆ, ಇಂಗು, ಪಾದರಸ ತುಂಬುತ್ತಾರೆ. ಈ ಎಲ್ಲ ರೂಢಿಗಳಲ್ಲಿ ಅತಿ ಕೆಟ್ಟದ್ದು ಇದು. ಕಾನೂನು ತಪ್ಪಿಸಿಕೊಂಡಂತಾಗುವುದಿಲ್ಲ, ಪಾದರಸ, ಆ್ಯಸಿಡ್ ಮಣ್ಣಿಗಿಳಿದರೆ ಪಕ್ಕದ ಬಾವಿಯ ಗತಿ ಬೇರೆ. ಎಲ್ಲಕ್ಕಿಂತ ಹೆಚ್ಚಾಗಿ, ಒಣಗಿದ ಮರ ಮನೆ ಪಕ್ಕದಲ್ಲೇ ನಿಂತಿರುತ್ತದೆ. ಅದರ ಕೊಂಬೆ ಬಾಗದೆ ಪಟ್ಟನೆ ಮುರಿಯುತ್ತದೆ, ಯಾವ ಕವಲನ್ನು ನಂಬಿ ಹಗ್ಗ ಹಾಯಿಸಬೇಕೆಂದು ತಿಳಿಯುವುದಿಲ್ಲ, ಅನುಭವಿಗಳು ಹತ್ತಲು ಒಪ್ಪುವುದಿಲ್ಲ. ಹಸಿಯಿದ್ದಾಗ ಒಂದು ದಿನದಲ್ಲಿ ಇಳಿಯುತ್ತಿದ್ದ ಮರಕ್ಕೆ ಕೊನೆಗೆ ಕ್ರೇನ್ ತರಿಸಬೇಕಾಗುತ್ತದೆ.

ಬೊಡ್ಡೆಯನ್ನು ಜೆಸಿಬಿಯಿಂದ ಕಿತ್ತೆಸೆಯುವ ಅವಸರವೂ ಬೇಡ. ದಪ್ಪ ಬೇರು ತಳಪಾಯದ ಸೈಜುಗಲ್ಲಿನಡಿ ಹೋಗಿದ್ದರೆ ಬೊಡ್ಡೆಯ ಜತೆ ಕಲ್ಲೂ ಅಲುಗುತ್ತದೆ. ನೆಲಮಟ್ಟಕ್ಕೆ ಕೊಯ್ದು, ಚಿಗುರಿದಾಗೆಲ್ಲ ಮುರಿಯುತ್ತ ಬಂದರೆ ಅದು ಅಲ್ಲೇ ಕೊಳೆಯುತ್ತದೆ. ಗೆದ್ದಲು ಗೋಡೆಗೆ ದಾಟದಂತೆ ನಿಗಾ ಇಟ್ಟರಾಯಿತು. ಉತ್ತರ ಕರ್ನಾಟಕದ ಎರೆಮಣ್ಣಿನಲ್ಲಿ ಇನ್ನೊಂದು ಎಚ್ಚರ ಬೇಕು. ಆ ಮಣ್ಣು ಒಣಗಿದರೆ ಕುಗ್ಗುತ್ತದೆ, ನೆನೆದರೆ ಹಿಗ್ಗುತ್ತದೆ. ವರ್ಷಗಟ್ಟಲೆ ನೀರು ಹೀರುತ್ತಿದ್ದ ದೊಡ್ಡ ಬೇವನ್ನು ತೆಗೆದ ಮೇಲೆ ಅಲ್ಲಿ ತೇವ ಮರಳಿ, ನೆಲ ನಿಧಾನಕ್ಕೆ ಉಬ್ಬಿ, ಮರ ಇದ್ದಾಗ ಇಲ್ಲದ ಬಿರುಕು ಗೋಡೆಯಲ್ಲಿ ಕಾಣಿಸಿಕೊಳ್ಳಬಹುದು. ಬಿರುಕಿನ ಎರಡು ತುದಿಗೂ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಕು ಬರೆದಿಟ್ಟು, ಎರಡು ಮೂರು ಮಳೆಗಾಲ ಕಳೆದು ಅದು ಬೆಳೆಯುವುದು ನಿಂತ ಮೇಲಷ್ಟೇ ಗಿಲಾವು ಮಾಡಿಸಬೇಕು.