ಆಡುಸೋಗೆಯ ನಾಲ್ಕನೆಯ ಹೆಸರು

ಶಿಡ್ಲಘಟ್ಟದಲ್ಲಿ ರೇಷ್ಮೆ ಬಿಚ್ಚುವ ಮನೆಗಳ ಮಗ್ಗುಲಲ್ಲಿ ಬೆಳೆದವರಿಗೆ ಕೆಮ್ಮಿನ ಸದ್ದು ಹೊಸದಲ್ಲ. ಕುದಿಯುವ ಬಾನಿಯ ಹಬೆ, ಗೂಡಿನ ದೂಳು, ಬೆಂದ ಹುಳುವಿನ ವಾಸನೆ ಇವುಗಳ ನಡುವೆ ನನ್ನ ಸೋದರಮಾವ ಇಪ್ಪತ್ತೈದು ವರ್ಷ ದುಡಿದವರು. ರಾತ್ರಿ ಅವರಿಗೆ ಉಸಿರು ಕಟ್ಟಿದಾಗ ನಾನಿ ಹಿತ್ತಲ ಬೇಲಿಯಿಂದ ಎಲೆ ಕಿತ್ತು ಕಷಾಯ ಕಾಯಿಸುತ್ತಿದ್ದರು. ನಮ್ಮ ಮನೆಯ ಉರ್ದುವಿನಲ್ಲಿ ಅದು ಅಡೂಸಾ, ಆಯುರ್ವೇದ ಪಂಡಿತರ ಬಾಯಲ್ಲಿ ವಾಸಾ, ಊರಿಗೆಲ್ಲ ಆಡುಸೋಗೆ.

ಅದಕ್ಕೆ ಮೆಡಿಕಲ್ ಷಾಪಿನಲ್ಲಿ ನಾಲ್ಕನೆಯ ಹೆಸರೊಂದು ಇದೆಯೆಂದು ನನಗೆ ತಿಳಿದದ್ದು ತಡವಾಗಿ. ಆ ಎಲೆಯಲ್ಲಿರುವ ವಾಸಿಸಿನ್ ಎಂಬ ಆಲ್ಕಲಾಯ್ಡಿನ ಜಾಡು ಹಿಡಿದು ಜರ್ಮನಿಯ ರಸಾಯನ ತಜ್ಞರು 1960ರ ದಶಕದಲ್ಲಿ ಬ್ರೋಮ್‌ಹೆಕ್ಸಿನ್ ತಯಾರಿಸಿದರು. ಆಮೇಲೆ ಬಂದ ಆಂಬ್ರಾಕ್ಸಾಲ್ ಅದರದೇ ಸಂತಾನ. ಕಫ ಕರಗಿಸಲು ಡಾಕ್ಟರು ಬರೆದುಕೊಡುವ ಎಷ್ಟೋ ಸಿರಪ್ಪುಗಳಲ್ಲಿ ಇರುವುದು ಇವೇ.

ಈ ಕತೆಯನ್ನು ಎಲ್ಲಿ ಹೇಳಿದರೂ ಕೇಳಿದವರು ಹಿಗ್ಗುತ್ತಾರೆ. "ನೋಡಿದಿರಾ, ನಮ್ಮವರು ಸಾವಿರ ವರ್ಷಗಳ ಹಿಂದೆಯೇ ಹೇಳಿದ್ದನ್ನು ವಿಜ್ಞಾನ ಈಗ ಒಪ್ಪಿಕೊಂಡಿತು" ಎನ್ನುತ್ತಾರೆ. ಆಯುರ್ವೇದದ ಅಭಿಮಾನಿಗಳಷ್ಟೇ ಹೀಗೆ ಮಾತಾಡುವುದೆಂದು ಯಾರೂ ತಿಳಿಯಬೇಕಿಲ್ಲ. ಕಲೌಂಜಿಯ ಬಗ್ಗೆ, ಹಿಜಾಮಾದ ಬಗ್ಗೆ ನಮ್ಮ ಉರ್ದು ಕಿರುಹೊತ್ತಗೆಗಳು ಬರೆಯುವುದೂ ಇದೇ ವರಸೆಯಲ್ಲಿ. ಹೆಸರು ಬೇರೆ, ಹೆಮ್ಮೆ ಒಂದೇ.

ಆದರೆ ಜರ್ಮನಿಯವರು ಎಲೆಯನ್ನು ಒಪ್ಪಿಕೊಂಡು ಸುಮ್ಮನಾಗಲಿಲ್ಲ. ಅದರ ಒಳಗನ್ನು ಬಿಡಿಸಿದರು, ಅಣುವನ್ನೇ ಬದಲಾಯಿಸಿದರು, ಎಷ್ಟು ಕೊಟ್ಟರೆ ಏನಾಗುತ್ತದೆಂದು ಅಳೆದರು. ಅದೇ ಬಗೆಯ ಸಂಶೋಧನೆ ಇನ್ನೊಂದು ಮಾತನ್ನೂ ಹೇಳಿತು: ವಾಸಿಸಿನ್ ಗರ್ಭಕೋಶವನ್ನು ಹಿಂಡುತ್ತದೆ, ಆದ್ದರಿಂದ ಗರ್ಭಿಣಿಯರಿಗೆ ಆಡುಸೋಗೆ ಕೊಡಬಾರದು. ಹೆಮ್ಮೆಯ ಲೇಖನಗಳಲ್ಲಿ ಈ ಸಾಲು ನನ್ನ ಕಣ್ಣಿಗೆ ಬಿದ್ದಿಲ್ಲ.

ಸಂಶೋಧನೆ ಮತ್ತು ಪರಂಪರೆ ಕೈಹಿಡಿದದ್ದು ಹೇಗೆಂದು ನೋಡಬೇಕಾದರೆ ಸರ್ಪಗಂಧಿಯ ಕತೆಯನ್ನು ಓದಬೇಕು. ಹಕೀಂ ಅಜ್ಮಲ್ ಖಾನರು ದಿಲ್ಲಿಯಲ್ಲಿ ಕಟ್ಟಿದ ತಿಬ್ಬಿಯಾ ಕಾಲೇಜಿನಲ್ಲಿ ಆಯುರ್ವೇದ ಮತ್ತು ಯುನಾನಿ ಒಂದೇ ಸೂರಿನಡಿ ಇದ್ದವು. 1921ರ ಫೆಬ್ರವರಿಯಲ್ಲಿ ಅದನ್ನು ಉದ್ಘಾಟಿಸಿದವರು ಗಾಂಧೀಜಿ. ಪಾಶ್ಚಾತ್ಯ ವೈದ್ಯದ ಕಟು ಟೀಕಾಕಾರರಾಗಿದ್ದ ಅವರೇ ಅಂದು ಆಧುನಿಕ ವಿಜ್ಞಾನಿಗಳ ಸಂಶೋಧನಾ ಮನೋಭಾವಕ್ಕೆ ಗೌರವ ಸಲ್ಲಿಸಿ, ನಮ್ಮ ವೈದ್ಯರು ಹಕೀಮರು ಹಳೆಯ ಸೂತ್ರಗಳನ್ನು ಪ್ರಶ್ನಿಸದೆ ಅನುಸರಿಸುತ್ತಾರೆಂದು ದೂರಿದರು. ಅಜ್ಮಲ್ ಖಾನರಿಗೆ ಆ ದೂರಿನ ಅರ್ಥ ಗೊತ್ತಿತ್ತು. ಜರ್ಮನಿಯಲ್ಲಿ ರಸಾಯನ ಶಾಸ್ತ್ರ ಓದಿ ಬಂದ ಸಲೀಮುಜ್ಜಮಾನ್ ಸಿದ್ದೀಕಿಯವರಿಗೆ ಅವರು ಕಾಲೇಜಿನ ಸಂಶೋಧನೆಯ ಹೊಣೆ ಒಪ್ಪಿಸಿದರು. 1927ರ ಕೊನೆಯಲ್ಲಿ ಹಕೀಮರು ತೀರಿಕೊಂಡರು. 1931ರಲ್ಲಿ ಸಿದ್ದೀಕಿ ಸರ್ಪಗಂಧಿಯ ಬೇರಿನಿಂದ ಬೇರ್ಪಡಿಸಿದ ಒಂದು ವಸ್ತುವಿಗೆ ಅಜ್ಮಲಿನ್ ಎಂದು ಹೆಸರಿಟ್ಟರು. ಅದೇ ವರ್ಷ ಬಂಗಾಳದ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಆ ಬೇರು ರಕ್ತದೊತ್ತಡವನ್ನು ಇಳಿಸುತ್ತದೆಂದು ಬರೆದರು. 1949ರಲ್ಲಿ ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲ್ ತಮ್ಮ ರೋಗಿಗಳ ಅನುಭವವನ್ನು ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿದರು. 1952ರಲ್ಲಿ ಸ್ವಿಜರ್ಲೆಂಡಿನಲ್ಲಿ ರೆಸರ್ಪಿನ್ ಹೊರಬಂತು. ಕೆಲವು ವರ್ಷ ಅದು ಲೋಕವನ್ನೇ ಆಳಿತು. ಖಿನ್ನತೆಯಂಥ ದೂರುಗಳು ಕೇಳಿಬಂದು, ಅದಕ್ಕಿಂತ ಒಳ್ಳೆಯ ಮಾತ್ರೆಗಳೂ ಬಂದ ಮೇಲೆ ಹಿಂದೆ ಸರಿಯಿತು. ಅಜ್ಮಲಿನ್ ಮಾತ್ರ ಹೃದಯದ ಲಯ ತಪ್ಪಿಸುವ ಒಂದು ಅಪರೂಪದ ಕಾಯಿಲೆಯನ್ನು ಪತ್ತೆ ಮಾಡಲು ಯುರೋಪಿನಲ್ಲಿ ಇಂದಿಗೂ ಬಳಕೆಯಲ್ಲಿದೆ. ಹಕೀಮರೊಬ್ಬರ ಹೆಸರು ಹೃದ್ರೋಗ ತಜ್ಞರ ಬಾಯಲ್ಲಿ ಉಳಿದಿರುವುದು ನನಗೆ ಖುಷಿಯ ವಿಷಯ, ಮುಚ್ಚಿಡುವುದೇಕೆ?

ಗುಗ್ಗುಳದ ಕತೆ ಹೀಗೆ ಮುಗಿಯಲಿಲ್ಲ. ಡಾ. ಜಿ.ವಿ. ಸತ್ಯವತಿ ಸುಶ್ರುತನ ಗ್ರಂಥದ ಮೇದೋರೋಗದ ವರ್ಣನೆಯನ್ನು ಹಿಡಿದು ಬನಾರಸ್ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಸಂಶೋಧನೆ ಮಾಡಿ, 1966ರಲ್ಲಿ ಗುಗ್ಗುಳ ಕೊಲೆಸ್ಟರಾಲ್ ಇಳಿಸುತ್ತದೆಂದು ತೋರಿಸಿದರು. ಪ್ರಾಣಿಗಳ ಮೇಲೆ ನಡೆದ ಒಳ್ಳೆಯ ಕೆಲಸ ಅದು. ಆದರೆ 2003ರಲ್ಲಿ ಅಮೆರಿಕದಲ್ಲಿ 103 ಜನರ ಮೇಲೆ ಎಂಟು ವಾರ ಪರೀಕ್ಷಿಸಿದಾಗ ಕೆಟ್ಟ ಕೊಲೆಸ್ಟರಾಲ್ ಇಳಿಯುವ ಬದಲು ತುಸು ಏರಿತು. ನನ್ನ ತಕರಾರು ಇರುವುದು ಇಲ್ಲಿ. ಗೆದ್ದಾಗ "ವಿಜ್ಞಾನ ಸಾಬೀತು ಮಾಡಿದೆ" ಎನ್ನುವವರು ಸೋತಾಗ "ನಮ್ಮ ಶಾಸ್ತ್ರವನ್ನು ನಿಮ್ಮ ವಿಜ್ಞಾನ ಅಳೆಯಲಾರದು" ಎನ್ನುತ್ತಾರೆ. ತಕ್ಕಡಿಯನ್ನು ಒಪ್ಪಿದ ಮೇಲೆ ಅದು ತೋರಿಸಿದ ತೂಕವನ್ನೂ ಒಪ್ಪಬೇಕಲ್ಲವೆ?

ಪ್ರಾಮಾಣಿಕ ವೈದ್ಯರ ಆಕ್ಷೇಪಣೆ ಇದಕ್ಕಿಂತ ಗಟ್ಟಿಯಾದದ್ದು. ನಾವು ರೋಗಕ್ಕಲ್ಲ, ರೋಗಿಯ ಪ್ರಕೃತಿಗೆ ಮದ್ದು ಕೊಡುವವರು, ಎಲ್ಲರಿಗೂ ಒಂದೇ ಮಾತ್ರೆ ಕೊಟ್ಟು ನಡೆಸುವ ಪರೀಕ್ಷೆ ನಮಗೆ ಹೊಂದುವುದಿಲ್ಲ ಎಂದು ಅವರು ಹೇಳುತ್ತಾರೆ. ಯುನಾನಿಯ ಮಿಜಾಜಿನ ಮಾತೂ ಇದೇ. ಆದರೆ ಕೊಯಮತ್ತೂರಿನಲ್ಲಿ ಸಂಧಿವಾತದ 43 ರೋಗಿಗಳಿಗೆ ವೈದ್ಯರು ಪ್ರತಿಯೊಬ್ಬರಿಗೂ ಬೇರೆ ಬೇರೆ ಮದ್ದು ಕೊಟ್ಟೇ, ಯಾರಿಗೆ ಯಾವ ಚಿಕಿತ್ಸೆ ಎಂಬುದನ್ನು ಗುಟ್ಟಾಗಿಟ್ಟು, ಮೆಥೊಟ್ರೆಕ್ಸೇಟ್ ಮಾತ್ರೆಯೊಂದಿಗೆ ಹೋಲಿಸಿದರು. 2011ರಲ್ಲಿ ಪ್ರಕಟವಾದ ಆ ಪರೀಕ್ಷೆಯಲ್ಲಿ ಎರಡರ ಫಲವೂ ಹೆಚ್ಚುಕಡಿಮೆ ಒಂದೇ ಬಂತು. 43 ಜನ ಬಹಳ ಕಡಿಮೆ, ನಿಜ. ಆದರೂ ದಾರಿ ಇದೆಯೆಂದಾಯಿತು. ಅದರಲ್ಲಿ ನಡೆಯುವವರು ಕಡಿಮೆ, ಏಕೆಂದರೆ ಕಾಯ್ದೆ ಅದನ್ನು ಕೇಳುವುದಿಲ್ಲ. ಸರ್ಕಾರ ಪಟ್ಟಿ ಮಾಡಿದ ಹಳೆಯ ಗ್ರಂಥಗಳಲ್ಲಿರುವ ಯೋಗವನ್ನು ಗ್ರಂಥ ಹೇಳಿದ ಕಾಯಿಲೆಗೇ ಮಾರಲು, ಆಯುರ್ವೇದವಾಗಲಿ ಯುನಾನಿಯಾಗಲಿ, ರೋಗಿಗಳ ಮೇಲಿನ ಪರೀಕ್ಷೆಯನ್ನು ಸಾಮಾನ್ಯವಾಗಿ ತೋರಿಸಬೇಕಿಲ್ಲ.

ಮಾವನ ಮಾತಿಗೆ ಬರುತ್ತೇನೆ. ಕಷಾಯ ಸಾಲದಾದಾಗ ಅವರು ಯಾರೋ ಹೇಳಿದರೆಂದು ಉಬ್ಬಸಕ್ಕೆ ಒಂದು ಪುಡಿ ತರಿಸಿದರು. ಪೊಟ್ಟಣದ ಮೇಲೆ ಗಿಡಮೂಲಿಕೆಯ ಚಿತ್ರ, ವೈಜ್ಞಾನಿಕವಾಗಿ ಸಾಬೀತಾದದ್ದು ಎಂಬ ಸಾಲು. ಎರಡೇ ದಿನದಲ್ಲಿ ಮಾವ ಮೆಟ್ಟಿಲು ಹತ್ತಿದರು. ಎಲ್ಲರೂ ದುವಾ ಮಾಡಿದರು, ನಾನೂ ನಾಲ್ಕು ಜನಕ್ಕೆ ಆ ಪುಡಿಯ ಗುಣಗಾನ ಮಾಡಿದೆ. ವರ್ಷ ಕಳೆಯುವುದರೊಳಗೆ ಅವರ ಮುಖ ಊದಿ ದುಂಡಗಾಯಿತು, ಸಕ್ಕರೆ ಕಾಯಿಲೆ ಬಂತು, ಬಚ್ಚಲಲ್ಲಿ ಸುಮ್ಮನೆ ಜಾರಿದ್ದಕ್ಕೆ ತೊಡೆಯ ಮೂಳೆ ಮುರಿಯಿತು. ಡಾಕ್ಟರು ಪುಡಿಯನ್ನು ಕೈಯಲ್ಲಿ ಹಿಡಿದು, ಇದರಲ್ಲಿ ಸ್ಟಿರಾಯ್ಡ್ ಬೆರೆಸಿರಬೇಕು ಎಂದರು. ಅದು ಆಯುರ್ವೇದದ ತಪ್ಪಲ್ಲ, ಆಯುರ್ವೇದದ ಹೆಸರಿನ ಮೋಸ. ಆದರೆ ಅಂಥ ಮೋಸವನ್ನು ಹಿಡಿಯುವ ಪ್ರಯೋಗಾಲಯವನ್ನು ಮೊದಲು ಕೇಳಬೇಕಾದವರು ವೈದ್ಯರು, ಹಕೀಮರು. ಪರೀಕ್ಷೆಯ ಮಾತೆತ್ತಿದವರನ್ನು ಸಂಸ್ಕೃತಿಯ ವಿರೋಧಿ ಎಂದೋ ನಂಬಿಕೆ ಇಲ್ಲದವನೆಂದೋ ಕರೆದು ಬಾಯಿ ಮುಚ್ಚಿಸುವುದು ಪುಡಿ ಮಾರುವವನಿಗೆ ಮಾತ್ರ ಅನುಕೂಲ.

ನಮ್ಮ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿ ಬೈಸಿಕೊಂಡರು. ಮದ್ದಿನ ಪೊಟ್ಟಣದ ಪವಾಡಗಳಿಗೂ ಅಂಥದೊಂದು ಸಮಿತಿ ಜಿಲ್ಲೆಗೊಂದು ಇದ್ದಿದ್ದರೆ ಎಂದು ಮಾವನ ಹಾಸಿಗೆಯ ಪಕ್ಕ ಕೂತಾಗ ನನಗೆ ಅನಿಸಿದ್ದುಂಟು.

ಮಾವ ಈಗ ಇನ್‌ಹೇಲರ್ ಬಳಸುತ್ತಾರೆ, ಕೋಲು ಹಿಡಿದು ನಡೆಯುತ್ತಾರೆ. ಬೇಲಿಯ ಆಡುಸೋಗೆ ಇನ್ನೂ ಇದೆ. ಕಷಾಯವನ್ನು ಅವರು ಬಿಟ್ಟಿಲ್ಲ, ಡಾಕ್ಟರಿಗೆ ಹೇಳಿಯೇ ಕುಡಿಯುತ್ತಾರೆ.