ನಾಲ್ಕು ನಕ್ಷತ್ರಗಳ ನ್ಯಾಯ

ಸಿನಿಮಾಕ್ಕೆ ಅಂಕ ಕೊಡುವುದೂ ಒಂದು ಕಸುಬು ಎಂದು ನನಗೆ ಮನದಟ್ಟು ಮಾಡಿಸಿದವರು ರೋಜರ್ ಈಬರ್ಟ್. ಅಮೆರಿಕದ ‘ಶಿಕಾಗೊ ಸನ್-ಟೈಮ್ಸ್’ ಪತ್ರಿಕೆಗೆ 1967ರಿಂದ, 2013ರಲ್ಲಿ ತೀರಿಕೊಳ್ಳುವವರೆಗೂ ಬರೆದವರು. 1975ರಲ್ಲಿ ಅವರಿಗೆ ಪುಲಿಟ್ಜರ್ ಬಂತು. ಸಿನಿಮಾ ವಿಮರ್ಶಕರೊಬ್ಬರಿಗೆ ಆ ಪ್ರಶಸ್ತಿ ಸಂದದ್ದು ಅದೇ ಮೊದಲು.

ಅವರು ಕೊಡುತ್ತಿದ್ದುದು ಹೆಚ್ಚೆಂದರೆ ನಾಲ್ಕು ನಕ್ಷತ್ರ. ಆ ಅಳತೆಯ ಹಿಂದಿನ ನ್ಯಾಯ ನನಗೆ ಅಚ್ಚುಮೆಚ್ಚು: ಸೂಪರ್‌ಹೀರೊ ಚಿತ್ರವನ್ನು ಅಂಥವೇ ಚಿತ್ರಗಳ ಜೊತೆ ತೂಗಬೇಕೇ ಹೊರತು ಗಂಭೀರ ಕಲಾಕೃತಿಯ ಜೊತೆಗಲ್ಲ. ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ತೊಡಕುಗಳಿಂದ 2006ರಲ್ಲಿ ಮಾತು ನಿಂತರೂ ಬರವಣಿಗೆ ನಿಲ್ಲಲಿಲ್ಲ.

ನಕ್ಷತ್ರ ಎಣಿಸುವುದು ಸುಲಭ. ಯಾವ ಚಿತ್ರ ನೋಡಬೇಕೆಂದು ಓದುಗ ತಾನೇ ತೀರ್ಮಾನಿಸುವಷ್ಟು ಕಾರಣ ಕೊಡುವುದೇ ವಿಮರ್ಶಕನ ನಿಜವಾದ ಕೆಲಸ. ಈಬರ್ಟ್ ಅದನ್ನು ಸಿನಿಮಾದ ಮೇಲಿನ ಪ್ರೀತಿಯಿಂದಲೇ ಮಾಡಿದರು.