ಎಲ್ಲ ಸಾಲಿನಲ್ಲೂ ಸೋಲುವ ವಿಶ್ವನಾಥ್

ಕ್ರಿಕೆಟಿಗರ ಟ್ರಂಪ್ ಕಾರ್ಡಿನ ಆಟದಲ್ಲಿ ಜಿ.ಆರ್. ವಿಶ್ವನಾಥ್ ಕೈಗೆ ಬಂದರೆ ಕಷ್ಟ. ಒಂದು ಸಾಲು ಕೂಗಬೇಕು, ಅಂಕಿ ದೊಡ್ಡದಿದ್ದವನಿಗೆ ಎದುರಿನವನ ಕಾರ್ಡು. ಎದುರಿನವನ ಹತ್ತಿರ ಗಾವಸ್ಕರ್ ಇದ್ದರಂತೂ ಕಥೆ ಮುಗಿಯಿತು. ಟೆಸ್ಟ್ ಪಂದ್ಯ ಎಂದು ಕೂಗಿದರೆ 91ಕ್ಕೆ 125. ರನ್ ಎಂದರೆ 6,080ಕ್ಕೆ 10,122. ಶತಕ 14ಕ್ಕೆ 34. ಗರಿಷ್ಠ ಸ್ಕೋರಿನಲ್ಲಾದರೂ ಬಚಾವಾಗಬಹುದೇ ಎಂದು ನೋಡಿದರೆ 222ಕ್ಕೆ ಅಜೇಯ 236. ಕಡೆಗೆ ಕ್ಯಾಚ್ ಎಂದರೂ 63ಕ್ಕೆ 108. ಭದ್ರಾವತಿಯಲ್ಲಿ ಹುಟ್ಟಿದ ನಮ್ಮ ಶಿವಮೊಗ್ಗ ಜಿಲ್ಲೆಯ ಹುಡುಗ ಒಂದೇ ಒಂದು ಸಾಲಿನಲ್ಲೂ ಗೆಲ್ಲುವುದಿಲ್ಲ. ಆದರೆ ಎಲ್ಲ ಸಾಲಿನಲ್ಲೂ ಗೆಲ್ಲುವ ಆ ಗಾವಸ್ಕರ್ ತಮ್ಮ ಮಗನಿಗೆ ಇಟ್ಟ ಹೆಸರು ರೋಹನ್ ಜೈವಿಶ್ವ. ಅದರಲ್ಲಿ ಕ್ರಿಕೆಟಿಗರಾದ ರೋಹನ್ ಕನ್ಹಾಯ್, ಜಯಸಿಂಹರ ಜೊತೆಗೆ ವಿಶ್ವನಾಥ್ ಇದ್ದಾರೆ.

ಈಗ ನಲವತ್ತು ದಾಟಿದವರು ಈ ಕಾರ್ಡುಗಳನ್ನು ನೆನೆದು ಕರಗುವುದನ್ನು ನೋಡುವಾಗಲೆಲ್ಲ ನನಗೆ ಈ ಲೆಕ್ಕ ನೆನಪಾಗುತ್ತದೆ. ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆಯವರು ಬೇಸಿಗೆ ರಜೆಗೋ ಹಬ್ಬಕ್ಕೋ ಊರಿಗೆ ಬಂದು ಹೊನ್ನೆಮರಡಿನ ಶರಾವತಿ ಹಿನ್ನೀರ ದಡದಲ್ಲಿ ಕೂತರೆ ಮಾತು ಬೇಗ ಅಲ್ಲಿಗೇ ಹೊರಳುತ್ತದೆ. ಬಿಗ್ ಫನ್ ಬಬಲ್ ಗಮ್ಮಿನ ಜೊತೆ ಬರುತ್ತಿದ್ದ ಆಟಗಾರರ ಚಿತ್ರ, ಅದರಲ್ಲಿನ ರನ್ನು ವಿಕೆಟ್ಟುಗಳನ್ನು ಕೂಡಿಸಿ ಕೊಟ್ಟರೆ ಸಿಗುತ್ತಿದ್ದ, ಸರಸರನೆ ಹಾಳೆ ಬಿಟ್ಟರೆ ಬ್ಯಾಟು ಬೀಸುವ ಪುಟ್ಟ ಪುಸ್ತಕ. ಆಮೇಲೆ ಜಾತ್ರೆಯ ಅಂಗಡಿಯಲ್ಲಿ ಕೊಂಡ ಟ್ರಂಪ್ ಕಾರ್ಡಿನ ಕಟ್ಟು. 'ಆಗಿನ ಆಟಗಾರರೇ ಬೇರೆ ಬಿಡಿ' ಎಂಬಲ್ಲಿಗೆ ಮಾತು ಮುಗಿಯುತ್ತದೆ. ಈ ಹಂಬಲದ ಬಗ್ಗೆ ನನಗೆ ಪ್ರೀತಿಯಿದೆ. ಆದರೆ ಆ ಕಾರ್ಡು ಒಳ್ಳೆಯ ನೆನಪಿನ ಬುತ್ತಿ ಎಂಬ ಮಾತನ್ನು ಒಪ್ಪಲಾರೆ.

ಕಾರ್ಡು ಹುಟ್ಟಿದ್ದೇ ಬೇರೆ ಏನನ್ನೋ ಮಾರುವುದಕ್ಕೆ. ಅಮೆರಿಕದಲ್ಲಿ, ಇಂಗ್ಲೆಂಡಿನಲ್ಲಿ ಅದು ಸಿಗರೇಟಿನ ಪ್ಯಾಕಿನೊಳಗೆ ಬಂತು, ಆಮೇಲೆ ಚೂಯಿಂಗ್ ಗಮ್ಮಿನ ಜೊತೆ. ಬೇಸ್‌ಬಾಲಿನ ಮಿಕಿ ಮ್ಯಾಂಟಲ್ ಇರುವ 1952ರ ಒಂದು ಕಾರ್ಡು 2022ರಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಹರಾಜಾಯಿತು. ಅಲ್ಲಿ ಬೆಲೆ ಬರುವುದು ಮೂಲೆ ಮುದುಡದ, ಯಾರೂ ಮುಟ್ಟದ ಕಾರ್ಡಿಗೆ. ನಮ್ಮ ಕಡೆ ಕಾರ್ಡನ್ನು ಮುಟ್ಟದೆ ಇಡುವ ಪ್ರಶ್ನೆಯೇ ಇರಲಿಲ್ಲ. ಅದು ಆಡಿ ಸೋಲುವ ಸಾಮಾನು. ಶಾಲೆಯ ಜಗಲಿಯಲ್ಲಿ ಬೆವರಿನ ಕೈಗಳಲ್ಲಿ ಹಾದು, ಮೇಷ್ಟ್ರ ಮೇಜಿನ ಖಾನೆ ಸೇರಿ, ಉಳಿದದ್ದು ಮಳೆಗಾಲದಲ್ಲಿ ಬೂಸಲು ಹಿಡಿದು ಹೋಯಿತು. ಹಾಗಾಗಿ ನಮ್ಮ ಹಳಹಳಿಕೆಯಲ್ಲಿ ದುಡ್ಡಿನ ವಾಸನೆ ಕಡಿಮೆ. ಅದು ಅದರ ದೊಡ್ಡ ಗುಣ.

ದೋಷ ಇರುವುದು ಆಟಗಾರನನ್ನು ಅಳೆಯುವ ಬಗೆಯಲ್ಲಿ. ಸ್ಪಿನ್ನರ್ ಬಿ.ಎಸ್. ಚಂದ್ರಶೇಖರ್ ಅವರನ್ನೇ ನೋಡಿ. ಪೋಲಿಯೊ ತಗುಲಿ ಸಣಕಲಾದ ಬಲಗೈಯಿಂದಲೇ 58 ಟೆಸ್ಟ್‌ಗಳಲ್ಲಿ 242 ವಿಕೆಟ್ ತೆಗೆದವರು. ಬ್ಯಾಟಿನಲ್ಲಿ ಹೊಡೆದದ್ದು 167 ರನ್, ಪಡೆದ ವಿಕೆಟ್ಟಿಗಿಂತಲೂ ಕಡಿಮೆ. ಮಕ್ಕಳು ನಗುತ್ತಿದ್ದುದು ಆ ಸಾಲಿಗೆ. ನಗಲಿ, ತಪ್ಪೇನಿಲ್ಲ. 'ಶ್ರೇಷ್ಠ ಬೌಲಿಂಗ್' ಎಂಬ ಸಾಲು ಮಾತ್ರ ನಿಜಕ್ಕೂ ಮೋಸಗಾರ. ಅಲ್ಲಿ ಬರುವುದು 79ಕ್ಕೆ 8, ಅಂದರೆ 1972ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ಇಂಗ್ಲೆಂಡ್ ವಿರುದ್ಧ ಪಡೆದದ್ದು. ಆ ಪಂದ್ಯವನ್ನು ಭಾರತ ಸೋತಿತು. ಅದರ ಹಿಂದಿನ ವರ್ಷ ಲಂಡನ್ನಿನ ಓವಲ್‌ನಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತು, ಇಂಗ್ಲೆಂಡನ್ನು 101ಕ್ಕೆ ಉರುಳಿಸಿ, ಆ ನೆಲದಲ್ಲಿ ಭಾರತಕ್ಕೆ ಮೊದಲ ಗೆಲುವು ತಂದ ಮಧ್ಯಾಹ್ನಕ್ಕೆ ಕಾರ್ಡಿನಲ್ಲಿ ಜಾಗವಿಲ್ಲ. ಎಂಟು ಆರಕ್ಕಿಂತ ದೊಡ್ಡದಲ್ಲವೇ!

ವಿಶ್ವನಾಥ್ ವಿಷಯದಲ್ಲಿ ಅನ್ಯಾಯ ಇನ್ನೂ ಹೆಚ್ಚು. 1975ರ ಜನವರಿಯಲ್ಲಿ ಮದ್ರಾಸಿನ ಚೆಪಾಕ್‌ನಲ್ಲಿ ಆಂಡಿ ರಾಬರ್ಟ್ಸ್ 7 ವಿಕೆಟ್ ಕಿತ್ತಾಗ ಭಾರತದ ಮೊತ್ತ 190. ಅದರಲ್ಲಿ 97 ಈ ಮನುಷ್ಯನದು, ಅದೂ ಔಟಾಗದೆ. ವೆಸ್ಟ್ ಇಂಡೀಸನ್ನು ಭಾರತ 100 ರನ್ನಿನಿಂದ ಸೋಲಿಸಿತು. ನೋಡಿದವರು, ರೇಡಿಯೊದಲ್ಲಿ ಕೇಳಿದವರು ಇಂದಿಗೂ ಹೇಳುವುದು ಆ ಇನಿಂಗ್ಸನ್ನೇ. ಕಾರ್ಡಿಗೆ ಮೂರು ರನ್ ಸಾಲದು, ಅದು ಶತಕವಲ್ಲ. ಇತ್ತ ಅವರು ಆ 14 ಶತಕ ಹೊಡೆದ ಪಂದ್ಯಗಳಲ್ಲಿ ಒಂದನ್ನೂ ಭಾರತ ಸೋಲಲಿಲ್ಲ. ಅದನ್ನು ಹೇಳುವ ಸಾಲನ್ನೂ ಕಾರ್ಡು ಮುದ್ರಿಸಲಿಲ್ಲ.

ನಾಯಕತ್ವದ ಸಾಲು ಹಾಕಿದ್ದರೂ ಅವರಿಗೆ ಒಳ್ಳೆಯದಾಗುತ್ತಿರಲಿಲ್ಲ. ಆಡಿಸಿದ್ದು 2 ಟೆಸ್ಟ್, ಗೆಲುವು ಸೊನ್ನೆ. ಎರಡನೆಯದು 1980ರ ಫೆಬ್ರುವರಿಯಲ್ಲಿ ಮುಂಬಯಿಯಲ್ಲಿ ನಡೆದ ಕ್ರಿಕೆಟ್ ಮಂಡಳಿಯ ಸುವರ್ಣ ಮಹೋತ್ಸವದ ಪಂದ್ಯ. ಇಂಗ್ಲೆಂಡ್ 58ಕ್ಕೆ 5 ಕಳೆದುಕೊಂಡಿದ್ದಾಗ ಬಾಬ್ ಟೇಲರ್ ಬಂದು ಬೋಥಮ್ ಜೊತೆಯಾದರು. ಟೇಲರ್ ಔಟೆಂದು ಅಂಪೈರ್ ಬೆರಳೆತ್ತಿದ ಮೇಲೂ, ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ಖಾತ್ರಿಯಿದ್ದ ವಿಶ್ವನಾಥ್, ಟೇಲರ್ ಅವರನ್ನು ವಾಪಸು ಕರೆದರು. ಆ ಜೋಡಿ 171 ರನ್ ಸೇರಿಸಿತು, ಇಂಗ್ಲೆಂಡ್ ಹತ್ತು ವಿಕೆಟ್ಟಿನಿಂದ ಗೆದ್ದಿತು. ನಮ್ಮವರು ಇವತ್ತೂ ಹೆಮ್ಮೆಯಿಂದ ಹೇಳಿಕೊಳ್ಳುವ ಘಟನೆ ಕಾರ್ಡಿನ ಲೆಕ್ಕದಲ್ಲಿ ಒಂದು ಸೋಲು, ಅಷ್ಟೇ.

ಕಾರ್ಡಿನ ಒಳಗಿದ್ದವರಿಗೇ ಈ ಗತಿ. ಒಳಗೇ ಬಾರದವರ ಪಟ್ಟಿ ಉದ್ದವಿದೆ. 1976ರಲ್ಲಿ ಭಾರತದ ಮಹಿಳಾ ತಂಡ ತನ್ನ ಮೊದಲ ಟೆಸ್ಟ್ ಆಡಿದ್ದು ಬೆಂಗಳೂರಿನಲ್ಲಿ, ನಾಯಕಿ ಶಾಂತಾ ರಂಗಸ್ವಾಮಿ. ನಾನು ಕಂಡ ಯಾವ ಕಟ್ಟಿನಲ್ಲೂ ಅವರಿಲ್ಲ. 1980ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಗೆದ್ದ ಪ್ರಕಾಶ್ ಪಡುಕೋಣೆ ಇಲ್ಲ, 1973ರ ವಿಶ್ವಕಪ್ಪಿನಲ್ಲಿ ಹಾಕಿ ತಂಡದ ನಾಯಕರಾಗಿದ್ದ ಕೊಡಗಿನ ಎಂ.ಪಿ. ಗಣೇಶ್ ಇಲ್ಲ. ಅದರ ಬದಲು ಡಬ್ಲ್ಯುಡಬ್ಲ್ಯುಎಫ್ ಕುಸ್ತಿಯವರ ಎದೆಯ ಸುತ್ತಳತೆ, ರಟ್ಟೆಯ ಸುತ್ತಳತೆ ನಮಗೆ ಬಾಯಿಪಾಠ. ಪಕ್ಕದೂರಿನ ವಾಲಿಬಾಲ್ ಆಟಗಾರನ ಹೆಸರು ಒಂದೇ ಬೇಸಿಗೆಗೆ ಮರೆತುಹೋಗುತ್ತಿತ್ತು. ಹೊನ್ನೆಮರಡಿನಲ್ಲಿ ಈಗ ತೆಪ್ಪ, ಕಯಾಕು, ಈಜು ಕಲಿಸುತ್ತಾರೆ. ಲಿಂಗನಮಕ್ಕಿ ಅಣೆಕಟ್ಟಿನ ನೀರು ನಿಲ್ಲುವ ಮೊದಲೇ ಶರಾವತಿಯನ್ನು ದೋಣಿಯಲ್ಲಿ ದಾಟುತ್ತಿದ್ದವರು ಇಲ್ಲಿದ್ದರು. ಅವರ ರಟ್ಟೆಯ ಸುತ್ತಳತೆಯನ್ನು ಯಾರೂ ಅಚ್ಚು ಹಾಕಿಸಲಿಲ್ಲ.

ಈ ಕಾರ್ಡಿಗಿಂತ ಮೇಲಾದ ಅಭ್ಯಾಸ ಅದೇ ಕಾಲದಲ್ಲಿ ಅದೇ ಮನೆಗಳಲ್ಲಿತ್ತು. ಕಟಿಂಗ್ ಪುಸ್ತಕ. ಪ್ರಜಾವಾಣಿ, ಸುಧಾ, 1978ರಲ್ಲಿ ಶುರುವಾದ ಸ್ಪೋರ್ಟ್ಸ್‌ಸ್ಟಾರ್ ಇವುಗಳಿಂದ ಚಿತ್ರ ಕತ್ತರಿಸಿ, ಅನ್ನದ ಅಗುಳು ತಿಕ್ಕಿ, ಹಳೆಯ ನೋಟ್ ಬುಕ್ಕಿಗೆ ಅಂಟಿಸುವುದು. ಕೆಳಗೆ ವಕ್ರ ಅಕ್ಷರದಲ್ಲಿ ಒಂದು ಸಾಲು. ಇಲ್ಲಿ ಆಯ್ಕೆ ಕಂಪನಿಯದಲ್ಲ, ಹುಡುಗನದು, ಎಷ್ಟೋ ಮನೆಗಳಲ್ಲಿ ಹುಡುಗಿಯದು. ಲೇಟ್ ಕಟ್ ಹೊಡೆಯುತ್ತಿರುವ ವಿಶ್ವನಾಥರ ಚಿತ್ರ ಇಷ್ಟವಾಯಿತು, ಅಂಟಿಸಿದ. ಅವರ ಸರಾಸರಿ 41.93 ಎಂಬುದು ಅವನಿಗೆ ಬೇಕಿರಲಿಲ್ಲ. ವಿಮರ್ಶೆ ಎಂದರೆ ಇದೇ. ಯಾಕೆ ಇಷ್ಟವಾಯಿತು ಎಂದು ಬರೆದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು.

ಕಟಿಂಗ್ ಪುಸ್ತಕವನ್ನು ಹೊಗಳುವಾಗ ಒಂದು ಮಾತು ಮರೆಯಬಾರದು. ಪತ್ರಿಕೆ ತರಿಸುತ್ತಿದ್ದುದು ತೋಟ ಇದ್ದವರ ಮನೆಗೆ, ಮೇಷ್ಟ್ರ ಮನೆಗೆ. ಅದನ್ನು ಓದಿ ಮುಗಿಸಿದ ಮೇಲೂ ಕತ್ತರಿ ಹಾಕಲು ಮಕ್ಕಳಿಗೆ ಕೊಡುವಷ್ಟು ಉದಾರಿಗಳು ಇನ್ನೂ ಕಡಿಮೆ. ಕಾರ್ಡಾದರೆ ಚಿಲ್ಲರೆ ಕಾಸಿಗೆ ಸಿಗುತ್ತಿತ್ತು. ತೋಟದ ಕೆಲಸಕ್ಕೆ ಬರುವವರ ಮಗನೂ ಅದೇ ಜಗಲಿಯಲ್ಲಿ ಕೂತು, ಒಡೆಯರ ಮಗನಿಂದ ಕಪಿಲ್ ದೇವ್ ಗೆದ್ದುಕೊಂಡು ಹೋಗುತ್ತಿದ್ದ. ಕಾರ್ಡಿನ ಪರವಾಗಿ ಇದಕ್ಕಿಂತ ಗಟ್ಟಿಯಾದ ವಾದ ನನಗೆ ತಿಳಿದಿಲ್ಲ, ಮಿಕ್ಕ ಹೊಗಳಿಕೆಯೆಲ್ಲ ನಮ್ಮ ವಯಸ್ಸಿನದು.

ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕಿನ ಅಟ್ಟಗಳಲ್ಲಿ ಇಂಥ ಕಟಿಂಗ್ ಪುಸ್ತಕಗಳು ಇನ್ನೂ ಇವೆ. ಗೆದ್ದಲು ಮುಟ್ಟುವ ಮೊದಲು ಇಳಿಸಿ, ಪುಟಪುಟದ ಫೋಟೊ ತೆಗೆದಿಡಿ. ಯಾವ ಪತ್ರಿಕೆ, ಯಾವ ವರ್ಷ ಎಂದು ನೆನಪಿರುವಷ್ಟು ಬರೆಯಿರಿ. ಖಾಲಿ ಪುಟ ಉಳಿದಿದ್ದರೆ ನಿಮ್ಮೂರಿನ ವಾಲಿಬಾಲ್ ತಂಡದಲ್ಲಿ ಯಾರಿದ್ದರು, ಹೊಳೆ ಈಜಿ ದಾಟುತ್ತಿದ್ದವರು ಯಾರು ಎಂಬುದನ್ನೂ ಹೆಸರು ಸಮೇತ ಸೇರಿಸಿ.